ದೋಣಿಯ ಹೊರಮೈಗೆ ಬಣ್ಣ: ಯಾವ ಬಣ್ಣಕ್ಕೆ ಯಾವ ಥಿನ್ನರ್?

ಜುಲೈ ಕೊನೆಯ ವಾರಗಳಲ್ಲಿ ಮಲ್ಪೆ, ಗಂಗೊಳ್ಳಿ, ಭಟ್ಕಳ, ತದಡಿ ಎಂದು ಕರಾವಳಿಯ ಯಾವ ಬಂದರಿಗೆ ಹೋದರೂ ಒಂದೇ ಗಡಿಬಿಡಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿಯುವಷ್ಟರಲ್ಲಿ ದಡಕ್ಕೆಳೆದ ಬೋಟುಗಳ ದುರಸ್ತಿ ಆಗಬೇಕು, ಬಣ್ಣ ಒಣಗಬೇಕು, ಬೋಟು ನೀರಿಗಿಳಿಯಬೇಕು. ಮಳೆ ಬಿಡುವು ಕೊಟ್ಟ ಹೊತ್ತಿನಲ್ಲೇ ಕೆಲಸ ಮುಗಿಸಬೇಕಾದ ಈ ಅವಸರದಲ್ಲಿ, ಬಣ್ಣದ ಕಂಪನಿಯ ಬಗ್ಗೆ ಹತ್ತು ಜನರನ್ನು ವಿಚಾರಿಸುವ ಮಾಲೀಕರು ಥಿನ್ನರ್ ಬಗ್ಗೆ ಯಾರನ್ನೂ ವಿಚಾರಿಸುವುದಿಲ್ಲ. ಅಂಗಡಿಗೆ ಹೋಗಿ ‘ಐದು ಲೀಟರ್ ಥಿನ್ನರ್ ಕೊಡಿ’ ಎನ್ನುತ್ತಾರೆ, ಕೊಟ್ಟದ್ದನ್ನು ತರುತ್ತಾರೆ. ಸಾವಿರಾರು ರೂಪಾಯಿಯ ಬಣ್ಣ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ.

ಥಿನ್ನರ್ ಎಂಬುದು ಬಣ್ಣವನ್ನು ಹೆಚ್ಚು ಮಾಡುವ ದ್ರವವಲ್ಲ. ಬಣ್ಣದೊಳಗಿನ ರಾಳವನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಟ್ಟು, ಬ್ರಷ್ಷಿನಿಂದ ಸಲೀಸಾಗಿ ಹರಡುವಂತೆ ಮಾಡಿ, ಆಮೇಲೆ ಪೂರ್ತಿಯಾಗಿ ಆರಿಹೋಗುವುದು ಅದರ ಕೆಲಸ. ಪ್ರತಿ ಜಾತಿಯ ರಾಳಕ್ಕೂ ಅದನ್ನು ಕರಗಿಸುವ ದ್ರಾವಕ ಬೇರೆ. ಆದ್ದರಿಂದ ‘ಎಲ್ಲದಕ್ಕೂ ಆಗುತ್ತದೆ’ ಎಂದು ಲೇಬಲ್ ಇಲ್ಲದ ಕ್ಯಾನಿನಲ್ಲಿ ಕೊಡುವ ಥಿನ್ನರನ್ನು ದೋಣಿಯ ಹತ್ತಿರಕ್ಕೂ ತರಬೇಡಿ. ಮನೆಯ ಗೇಟಿಗಾದರೆ ಹೇಗೋ ನಡೆದೀತು, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಮೈಗೆ ನಡೆಯುವುದಿಲ್ಲ.

ಮೊದಲು ಹಳೆಯ ಬಣ್ಣದ ಗುರುತು ಹಿಡಿಯಿರಿ

ಹೊಸ ಬಣ್ಣ ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸವಿದು. ಬೋಟನ್ನು ಕೊಂಡುಕೊಂಡವರಿಗೆ ಹಿಂದಿನ ಮಾಲೀಕ ಏನು ಬಳಿದಿದ್ದ ಎಂಬುದು ಗೊತ್ತಿರುವುದಿಲ್ಲ. ಗೊತ್ತಿದೆ ಎಂದುಕೊಂಡವರಿಗೂ ನೀರಿನ ಗೆರೆಯ ಮೇಲೊಂದು, ಕೆಳಗೊಂದು ಬಣ್ಣ ಇರುವುದು ಮರೆತಿರುತ್ತದೆ.

ಅಂಗೈ ಅಗಲದ ಜಾಗವನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಬಿಳಿ ಹತ್ತಿಬಟ್ಟೆಯ ತುಂಡನ್ನು ಎಪಾಕ್ಸಿ ಥಿನ್ನರ್ ಅಥವಾ ಕ್ಸೈಲೀನ್‌ನಲ್ಲಿ ಅದ್ದಿ ಆ ಜಾಗದ ಮೇಲೆ ಅಂಟಿಸಿದಂತೆ ಇಡಿ, ಆರಿಹೋಗದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ. ಹತ್ತು ನಿಮಿಷ ಬಿಟ್ಟು ಬಟ್ಟೆ ತೆಗೆದು ಉಗುರಿನಿಂದ ಕೆರೆದು ನೋಡಿ. ಬಣ್ಣ ಕರಗಿ ಬಟ್ಟೆಗೆ ಹತ್ತಿ, ಬೆರಳಿಗೆ ಅಂಟಂಟಾದರೆ ಅದು ಕ್ಲೋರಿನೇಟೆಡ್ ರಬ್ಬರ್, ವಿನೈಲ್ ಅಥವಾ ಆ್ಯಂಟಿಫೌಲಿಂಗ್ (ಚಿಪ್ಪು, ಪಾಚಿ ಹತ್ತದಂತೆ ಬಳಿಯುವ ಬಣ್ಣ) ಜಾತಿಯದು. ಕರಗದೆ, ಸುಕ್ಕುಗಟ್ಟಿ ಸಿಪ್ಪೆಯಂತೆ ಎದ್ದರೆ ಸಿಂಥೆಟಿಕ್ ಎನಾಮೆಲ್. ಬಟ್ಟೆ ಸ್ವಚ್ಛವಾಗಿಯೇ ಇದ್ದು ಉಗುರೂ ಇಳಿಯದಿದ್ದರೆ ಎಪಾಕ್ಸಿ ಅಥವಾ ಪಾಲಿಯುರಿಥೇನ್, ಅಂದರೆ ಗಟ್ಟಿಯಾಗಿಸುವ ಹಾರ್ಡನರನ್ನು ಎರಡನೆಯ ಡಬ್ಬಿಯಿಂದ ಬೆರೆಸಿ ಬಳಿದ ಬಣ್ಣ. ನೀರಿನ ಗೆರೆಯ ಮೇಲೆ, ಕೆಳಗೆ, ಮುಂಭಾಗ, ಹಿಂಭಾಗ ಹೀಗೆ ನಾಲ್ಕಾರು ಕಡೆ ಈ ಪರೀಕ್ಷೆ ಮಾಡಿ.

ಇದು ಏಕೆ ಮುಖ್ಯವೆಂದರೆ, ಬಲವಾದ ದ್ರಾವಕವಿರುವ ಬಣ್ಣವನ್ನು ದುರ್ಬಲ ಬಣ್ಣದ ಮೇಲೆ ಬಳಿದರೆ ಥಿನ್ನರ್ ಕೆಳಗಿಳಿದು ಹಳೆಯ ಪದರವನ್ನೇ ಎಬ್ಬಿಸುತ್ತದೆ. ಸಿಂಥೆಟಿಕ್ ಎನಾಮೆಲ್ ಮೇಲೆ ಎಪಾಕ್ಸಿ ಬಳಿದ ಬೋಟುಗಳಲ್ಲಿ ಮೈಯೆಲ್ಲ ಸುಕ್ಕು ಏಳುವುದು ಇದರಿಂದಲೇ. ಅಂಥಲ್ಲಿ ಎರಡೇ ದಾರಿ: ಹಳೆಯದನ್ನು ಪೂರ್ತಿ ಕೆರೆದು ತೆಗೆಯುವುದು, ಇಲ್ಲವೇ ಅದೇ ಜಾತಿಯ ಬಣ್ಣವನ್ನೇ ಮುಂದುವರಿಸುವುದು. ಥಿನ್ನರ್ ಬದಲಿಸಿ ಇದನ್ನು ಸರಿಪಡಿಸಲಾಗದು.

ಬಣ್ಣದ ಜಾತಿ, ಥಿನ್ನರಿನ ಜಾತಿ

ಸಿಂಥೆಟಿಕ್ ಎನಾಮೆಲ್ ಮತ್ತು ರೆಡ್ ಆಕ್ಸೈಡ್ ಪ್ರೈಮರಿಗೆ ಮಿನರಲ್ ಟರ್ಪೆಂಟೈನ್ ಸಾಕು. ಮರದ ನಾಡದೋಣಿಗಳ ಮೇಲ್ಭಾಗಕ್ಕೆ, ಬೋಟಿನ ಕ್ಯಾಬಿನ್ನಿಗೆ ಬಳಿಯುವುದು ಬಹುಪಾಲು ಇದನ್ನೇ. ಟರ್ಪೆಂಟೈನ್ ನಿಧಾನವಾಗಿ ಆರುತ್ತದೆ, ಬ್ರಷ್ಷಿನ ಗೆರೆಗಳು ತಾವಾಗಿ ಮಟ್ಟವಾಗಲು ಸಮಯ ಕೊಡುತ್ತದೆ. ಇದಕ್ಕೆ ಎನ್‌ಸಿ ಥಿನ್ನರ್ (ನೈಟ್ರೊಸೆಲ್ಯುಲೋಸ್ ಲ್ಯಾಕರಿಗೆಂದು ಮಾಡಿದ, ಬೇಗ ಆರುವ ಥಿನ್ನರ್) ಹಾಕಿದರೆ ಬಣ್ಣ ಬ್ರಷ್ಷಿನಲ್ಲೇ ಬಿಗಿಯುತ್ತದೆ, ಕೆಳಗಿನ ಪದರ ಏಳುತ್ತದೆ.

ಇಲ್ಲಿ ಸೀಮೆಎಣ್ಣೆಯ ಮಾತು ಹೇಳಲೇಬೇಕು. ನಾಡದೋಣಿಯ ಎಂಜಿನ್ನಿಗೆಂದು ತಂದ ಸೀಮೆಎಣ್ಣೆ ಕೈಗೆ ಸಿಗುವಂತಿರುತ್ತದೆ, ಅದನ್ನೇ ಬಣ್ಣಕ್ಕೆ ಸುರಿಯುವ ರೂಢಿ ಎಷ್ಟೋ ಕಡೆ ಇದೆ. ಸೀಮೆಎಣ್ಣೆಯ ಭಾರದ ಅಂಶ ಬೇಗ ಆರುವುದಿಲ್ಲ. ಬಣ್ಣದೊಳಗೆ ಎಣ್ಣೆಯಾಗಿ ಉಳಿದು ಹೊಳಪನ್ನು ತಿನ್ನುತ್ತದೆ, ಮುಂದಿನ ಪದರ ಹಿಡಿಯದಂತೆ ಮಾಡುತ್ತದೆ. ಡೀಸೆಲ್ ಇನ್ನೂ ಕೆಟ್ಟದ್ದು. ಪೆಟ್ರೋಲನ್ನಂತೂ ಬಣ್ಣದ ಕೆಲಸಕ್ಕೆ ಮುಟ್ಟಲೇಬಾರದು, ಅದು ಜೀವಕ್ಕೇ ಅಪಾಯ.

ಎಪಾಕ್ಸಿಗೆ ಎಪಾಕ್ಸಿ ಥಿನ್ನರೇ ಬೇಕು. ಸಾಮಾನ್ಯವಾಗಿ ಅದರಲ್ಲಿ ಕ್ಸೈಲೀನ್ ಜೊತೆಗೆ ಬ್ಯುಟನಾಲ್‌ನಂಥ ಆಲ್ಕೊಹಾಲ್ ಸೇರಿರುತ್ತದೆ. ಎಪಾಕ್ಸಿಗೆ ಟರ್ಪೆಂಟೈನ್ ಸುರಿದರೆ ಏನಾಗುತ್ತದೆ ಎಂಬುದನ್ನು ಒಂದು ಲೋಟದಲ್ಲಿ ನೀವೇ ಮಾಡಿ ನೋಡಬಹುದು. ಕಲಕಿದಷ್ಟು ಹೊತ್ತು ಬೆರೆತಂತೆ ಕಾಣುತ್ತದೆ, ಕೈ ನಿಲ್ಲಿಸಿದ ಮೇಲೆ ಒಡೆದ ಹಾಲಿನಂತೆ ಕಾಳುಕಾಳಾಗಿ ಬೇರ್ಪಡುತ್ತದೆ. ಕೋಲಿನಿಂದ ಎತ್ತಿದರೆ ಹರಿಯದೆ ಮುದ್ದೆಮುದ್ದೆಯಾಗಿ ಬೀಳುತ್ತದೆ. ಅಷ್ಟು ಎದ್ದು ಕಾಣುವಂತೆ ಕೆಟ್ಟರೆ ಒಳ್ಳೆಯದೇ, ಯಾರೂ ಬಳಿಯುವುದಿಲ್ಲ. ಅಪಾಯವಿರುವುದು ಸ್ವಲ್ಪವೇ ಬೆರೆಸಿದಾಗ: ಕಣ್ಣಿಗೆ ಏನೂ ಕಾಣುವುದಿಲ್ಲ, ಬಣ್ಣ ಒಣಗಿದಂತೆಯೂ ಇರುತ್ತದೆ, ನೀರಿಗಿಳಿದು ಕೆಲವು ವಾರಗಳಾದ ಮೇಲೆ ಹಾಳೆಹಾಳೆಯಾಗಿ ಕಳಚುತ್ತದೆ. ಅಸಿಟೋನ್ ಹಾಕಿದರೂ ಎಪಾಕ್ಸಿ ತೆಳುವಾಗುತ್ತದೆ ನಿಜ, ಆದರೆ ಗಟ್ಟಿಯಾದ ಮೇಲಿನ ಅದರ ಶಕ್ತಿ ಗಣನೀಯವಾಗಿ ತಗ್ಗುತ್ತದೆ.

ಪಾಲಿಯುರಿಥೇನ್ ಬಣ್ಣದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅದರ ಹಾರ್ಡನರ್‌ನಲ್ಲಿರುವುದು ಐಸೊಸಯನೇಟ್. ಅದು ಬಣ್ಣದ ರಾಳದೊಂದಿಗೆ ಸೇರಿ ಗಟ್ಟಿಯಾಗಬೇಕು. ಥಿನ್ನರ್‌ನಲ್ಲಿ ಆಲ್ಕೊಹಾಲ್ ಅಥವಾ ನೀರಿನಂಶ ಇದ್ದರೆ ಐಸೊಸಯನೇಟ್ ರಾಳವನ್ನು ಬಿಟ್ಟು ಅದರೊಂದಿಗೇ ಸೇರಿಕೊಳ್ಳುತ್ತದೆ. ಆಗ ಬಣ್ಣ ಮೆತ್ತಗೆ ಉಳಿಯುತ್ತದೆ, ಹೊಳಪು ಬರುವುದಿಲ್ಲ. ನೀರಿನಂಶವಿದ್ದರೆ ಸಣ್ಣಸಣ್ಣ ಗುಳ್ಳೆಗಳೂ ಏಳುತ್ತವೆ. ಎಪಾಕ್ಸಿ ಥಿನ್ನರ್‌ನಲ್ಲಿ ಆಲ್ಕೊಹಾಲ್ ಇರುತ್ತದೆ ಎಂದೆನಲ್ಲ, ಅದಕ್ಕೇ ಪ್ರೈಮರಿಗೆ ತಂದು ಉಳಿದ ಎಪಾಕ್ಸಿ ಥಿನ್ನರನ್ನು ಮೇಲಿನ ಪಾಲಿಯುರಿಥೇನ್‌ಗೆ ಹಾಕಬಾರದು. ಎನ್‌ಸಿ ಥಿನ್ನರನ್ನೂ ಇದೇ ಕಾರಣಕ್ಕೆ ಹಾಕಬಾರದು. ಪಾಲಿಯುರಿಥೇನ್‌ಗೆಂದೇ ತಯಾರಿಸಿದ, ಬ್ಯುಟೈಲ್ ಅಸಿಟೇಟ್‌ನಂಥ ಎಸ್ಟರುಗಳಿರುವ ಪಿಯು ಥಿನ್ನರ್ ತನ್ನಿ. ಕ್ಯಾನಿನ ಬಾಯಿ ತೆರೆದಿಡಬೇಡಿ, ಕರಾವಳಿಯ ಗಾಳಿಯಲ್ಲಿ ಅದು ತೇವ ಎಳೆದುಕೊಳ್ಳುತ್ತದೆ.

ಕ್ಲೋರಿನೇಟೆಡ್ ರಬ್ಬರ್ ಬಣ್ಣಕ್ಕೆ ಕ್ಸೈಲೀನ್‌ನಂಥ ಆರೊಮ್ಯಾಟಿಕ್ ದ್ರಾವಕ ಬೇಕು, ಟರ್ಪೆಂಟೈನ್ ಅದನ್ನು ಕರಗಿಸಲಾರದು. ಡಾಂಬರಿನ ಕಪ್ಪು ಬಣ್ಣಗಳಲ್ಲಿ ಬರಿಯ ಬಿಟುಮಿನಸ್ ಆದರೆ ಟರ್ಪೆಂಟೈನ್ ಸಾಮಾನ್ಯವಾಗಿ ಸರಿಹೋಗುತ್ತದೆ, ಹಾರ್ಡನರ್ ಇರುವ ಕೋಲ್ ಟಾರ್ ಎಪಾಕ್ಸಿಯಾದರೆ ಎಪಾಕ್ಸಿಯ ನಿಯಮವೇ. ಎರಡೂ ಕಪ್ಪಾಗಿಯೇ ಇರುವುದರಿಂದ ಡಬ್ಬಿ ಒಂದೋ ಎರಡೋ ಎಂದು ನೋಡಿ ತೀರ್ಮಾನಿಸಿ. ಫೈಬರ್ ದೋಣಿಯ ಹೊರಪದರವಾದ ಜೆಲ್‌ಕೋಟ್‌ಗೆ ಇವು ಯಾವುವೂ ಸಲ್ಲುವುದಿಲ್ಲ. ಅದು ಪಾಲಿಯೆಸ್ಟರ್ ರಾಳ, ತೆಳುಮಾಡಲೇಬೇಕಾದರೆ ಸ್ಟೈರೀನ್, ಅದೂ ತಯಾರಕರು ಹೇಳಿದಷ್ಟೇ.

ಇನ್ನು ಆ್ಯಂಟಿಫೌಲಿಂಗ್. ಚಿಪ್ಪು, ಪಾಚಿ ಹತ್ತದಂತೆ ನೀರಿನ ಗೆರೆಯ ಕೆಳಗೆ ಬಳಿಯುವ ಈ ಬಣ್ಣದ ಡಬ್ಬಿಯನ್ನು ಎತ್ತಿದರೆ ಅಷ್ಟೇ ಗಾತ್ರದ ಎನಾಮೆಲ್ ಡಬ್ಬಿಗಿಂತ ಎಷ್ಟೋ ಭಾರ. ಒಳಗಿರುವ ತಾಮ್ರದ ಆಕ್ಸೈಡ್ ನೀರಿಗಿಂತ ಸುಮಾರು ಆರು ಪಟ್ಟು ಭಾರದ ಪುಡಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ನಿಂತ ಡಬ್ಬಿಯಲ್ಲಿ ಅದು ತಳಕ್ಕಿಳಿದು ಗಟ್ಟಿಯಾಗಿ ಕೂತಿರುತ್ತದೆ. ಕೋಲು ಹಾಕಿದರೆ ಮೇಲೆ ತೆಳ್ಳಗಿನ ಕೆಂಪು ನೀರು, ತಳದಲ್ಲಿ ಅಲುಗದ ಹೆಂಟೆ. ‘ಗಟ್ಟಿಯಾಗಿದೆ’ ಎಂದು ಪೇಂಟರ್ ಥಿನ್ನರ್ ಸುರಿಯುವುದು ಆಗಲೇ. ಬೇಡ. ಡ್ರಿಲ್ ಮೆಷಿನ್ನಿಗೆ ಕಲಕುವ ಕಡ್ಡಿ ಸಿಕ್ಕಿಸಿ ತಳದ ಹೆಂಟೆ ಪೂರ್ತಿ ಕರಗುವವರೆಗೆ ಕಲಕಿಸಿ. (ಕಿಡಿ ಹಾರುವ ಹಳೆಯ ವಿದ್ಯುತ್ ಡ್ರಿಲ್ ಬೇಡ, ಗಾಳಿಯಿಂದ ತಿರುಗುವುದು ಉತ್ತಮ.) ಚಿಪ್ಪನ್ನು ದೂರವಿಡುವುದು ಆ ತಾಮ್ರವೇ. ಥಿನ್ನರ್ ಹಾಕಿ ತೆಳುಮಾಡಿದಷ್ಟೂ ಮೈಮೇಲೆ ಉಳಿಯುವ ತಾಮ್ರ ಕಡಿಮೆ, ಅಷ್ಟೂ ಬೇಗ ಚಿಪ್ಪು ಹತ್ತುತ್ತದೆ. ಡೀಸೆಲ್ ಖರ್ಚು ಏರುವುದು ಅಲ್ಲಿಂದ. ಆದ್ದರಿಂದ ಆ್ಯಂಟಿಫೌಲಿಂಗನ್ನು ಸಾಧ್ಯವಾದಷ್ಟು ಹಾಗೆಯೇ ಬಳಿಯಿರಿ. ಅನಿವಾರ್ಯವಾದರೆ ತಯಾರಕರು ಸೂಚಿಸಿದ ಥಿನ್ನರ್, ಅವರು ಹೇಳಿದ ಮಿತಿಯೊಳಗೆ.

ಡಬ್ಬಿಯ ಮೇಲಿನ ಸಂಖ್ಯೆ ಓದಿ

ದೊಡ್ಡ ಮರೀನ್ ಬಣ್ಣದ ಕಂಪನಿಗಳು ಥಿನ್ನರಿಗೆ ಹೆಸರಿನ ಬದಲು ಸಂಖ್ಯೆ ಕೊಡುತ್ತವೆ. ಉದಾಹರಣೆಗೆ ಜೋಟುನ್ ಕಂಪನಿಯಲ್ಲಿ ಎನಾಮೆಲ್ ಜಾತಿಗೆ 2, ಆ್ಯಂಟಿಫೌಲಿಂಗಿಗೆ 7, ಪಾಲಿಯುರಿಥೇನ್‌ಗೆ 10, ಎಪಾಕ್ಸಿಗೆ 17. ಇಂಟರ್‌ನ್ಯಾಷನಲ್ ಕಂಪನಿಯಲ್ಲಿ ಎಪಾಕ್ಸಿಗೆ ಜಿಟಿಎ 220, ಪಾಲಿಯುರಿಥೇನ್‌ಗೆ ಜಿಟಿಎ 713. ಒಂದು ಕಂಪನಿಯ ಸಂಖ್ಯೆಗೂ ಇನ್ನೊಂದರದಕ್ಕೂ ಸಂಬಂಧವಿಲ್ಲ. ಒಂದೇ ಕಂಪನಿಯಲ್ಲೂ ಕೆಲವು ಬಣ್ಣಗಳಿಗೆ ಬೇರೆ ಸಂಖ್ಯೆ ಇರುತ್ತದೆ. ಹಾಗಾಗಿ ನೀವು ಕೊಳ್ಳುವ ಬಣ್ಣದ ತಾಂತ್ರಿಕ ಮಾಹಿತಿ ಪತ್ರವನ್ನು ಕಂಪನಿಯ ಜಾಲತಾಣದಿಂದ ಮೊಬೈಲ್‌ಗೆ ಇಳಿಸಿಕೊಳ್ಳಿ. ಇಂಗ್ಲಿಷಿನಲ್ಲಿದ್ದರೂ ನಿಮಗೆ ಬೇಕಾದದ್ದು ನಾಲ್ಕೇ ಸಾಲು: ಥಿನ್ನರಿನ ಸಂಖ್ಯೆ, ಗರಿಷ್ಠ ಶೇಕಡಾ ಎಷ್ಟು, ವಾಲ್ಯೂಮ್ ಸಾಲಿಡ್ಸ್ (ಒಣಗಿದ ಮೇಲೆ ಉಳಿಯುವ ಬಣ್ಣದ ಪಾಲು) ಎಷ್ಟು, ಮುಂದಿನ ಪದರಕ್ಕೆ ಎಷ್ಟು ಗಂಟೆ ಕಾಯಬೇಕು. ಬಣ್ಣ ಮತ್ತು ಥಿನ್ನರ್ ಒಂದೇ ಕಂಪನಿಯದಾಗಿರಲಿ. ಬೇರೆಯದು ತಂದು ಉಳಿಸುವ ಹಣ ಬಣ್ಣದ ಬೆಲೆಯ ಮುಂದೆ ಏನೂ ಅಲ್ಲ, ಮತ್ತೆ ಬಣ್ಣ ಕೆಟ್ಟರೆ ಕಂಪನಿಯವರ ಎದುರು ನಿಮ್ಮ ದೂರಿಗೆ ಬಲವೂ ಇರುವುದಿಲ್ಲ.

ಎಷ್ಟು ಹಾಕಬೇಕು?

ಕಡಿಮೆ. ಬ್ರಷ್ಷಿಗೆ ಶೇ 5ರೊಳಗೆ, ರೋಲರಿಗೆ ಹೆಚ್ಚೆಂದರೆ ಶೇ 10, ಸಾಮಾನ್ಯ ಸ್ಪ್ರೇ ಗನ್ನಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಎಂಬುದು ಸ್ಥೂಲ ಲೆಕ್ಕ. ಮಾಹಿತಿ ಪತ್ರದಲ್ಲಿ ಬೇರೆ ಇದ್ದರೆ ಅದೇ ಅಂತಿಮ.

ಈ ಲೆಕ್ಕವನ್ನು ಒಮ್ಮೆ ಕೂತು ಮಾಡಿ ನೋಡಿ. ಎಪಾಕ್ಸಿಯ ವಾಲ್ಯೂಮ್ ಸಾಲಿಡ್ಸ್ ಶೇ 60 ಎಂದುಕೊಳ್ಳಿ. ಹಸಿಯಿರುವಾಗ 200 ಮೈಕ್ರಾನ್ ದಪ್ಪಕ್ಕೆ ಬಳಿದರೆ ಒಣಗಿದ ಮೇಲೆ 120 ಮೈಕ್ರಾನ್ ಉಳಿಯುತ್ತದೆ. ಶೇ 10 ಥಿನ್ನರ್ ಬೆರೆಸಿ ಅಷ್ಟೇ ದಪ್ಪಕ್ಕೆ ಬಳಿದರೆ ಉಳಿಯುವುದು 109. ಶೇ 30 ಬೆರೆಸಿದರೆ 92. ಅದೂ ಹಸಿಪದರ ಅಷ್ಟೇ ದಪ್ಪಕ್ಕೆ ನಿಂತರೆ. ತೆಳುವಾದ ಬಣ್ಣ ನಿಲ್ಲುವುದಿಲ್ಲ, ಇಳಿಯುತ್ತದೆ, ಹಾಗಾಗಿ ನಿಜಕ್ಕೂ ಉಳಿಯುವುದು ಇನ್ನೂ ಕಡಿಮೆ. ಕಬ್ಬಿಣದ ಬೋಟಿನಲ್ಲಿ ತುಕ್ಕನ್ನು ತಡೆಯುವುದು ಈ ದಪ್ಪವೇ. ಎರಡು ಕೈ ಬಳಿದಿದ್ದೇವೆ ಎಂದು ಲೆಕ್ಕ ಕೊಡುವ ಗುತ್ತಿಗೆದಾರ ಎಷ್ಟು ಥಿನ್ನರ್ ಸುರಿದಿದ್ದಾನೆ ಎಂದು ಕೇಳುವ ಹಕ್ಕು ಮಾಲೀಕರಿಗಿದೆ. ಹಸಿ ಬಣ್ಣದ ದಪ್ಪ ಅಳೆಯುವ ಬಾಚಣಿಗೆಯಂಥ ಪುಟ್ಟ ಗೇಜ್ ದುಬಾರಿಯೇನಲ್ಲ, ಒಂದನ್ನು ಇಟ್ಟುಕೊಳ್ಳಿ.

ಥಿನ್ನರ್ ಹೆಚ್ಚಾದರೆ ಇನ್ನೊಂದು ತೊಂದರೆಯೂ ಇದೆ. ಬಣ್ಣದ ಮೇಲ್ಮೈ ಮೊದಲು ಒಣಗಿ, ಒಳಗಿನ ಥಿನ್ನರ್ ಹೊರಬರಲಾರದೆ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಅವಸರದಲ್ಲಿ ಇನ್ನೊಂದು ಕೈ ಬಳಿದು ನೀರಿಗಿಳಿಸಿದರೆ ಆ ಜಾಗಗಳಲ್ಲೇ ಗುಳ್ಳೆ ಏಳುತ್ತದೆ. ನಿಷೇಧ ಮುಗಿಯುವ ದಿನ ಹತ್ತಿರ ಬಂದಾಗ ಬೆಳಗ್ಗೆ ಒಂದು ಕೈ, ಸಂಜೆ ಒಂದು ಕೈ ಎಂದು ಬಳಿಸುವವರು ಇದನ್ನು ನೆನಪಿಡಬೇಕು. ಮಾಹಿತಿ ಪತ್ರದಲ್ಲಿ ಬರೆದಿರುವ ಕಾಯುವ ಅವಧಿ ಒಣ ಹವೆಗೆ ಹೇಳಿದ್ದು, ಮಳೆಗಾಲದಲ್ಲಿ ಇನ್ನೂ ಹೆಚ್ಚು ಕಾಯಬೇಕು.

ಹವೆ ನೋಡಿ ಆರಿಸಿ

ಕೆಲವು ಕಂಪನಿಗಳು ಒಂದೇ ಬಣ್ಣಕ್ಕೆ ಬೇಗ ಆರುವ ಮತ್ತು ನಿಧಾನವಾಗಿ ಆರುವ ಎರಡು ಬಗೆಯ ಥಿನ್ನರ್ ಕೊಡುತ್ತವೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಿಧಾನದ್ದು ಬೇಕು. ಕೈ ಇಡಲಾಗದಷ್ಟು ಕಾದ ಕಬ್ಬಿಣದ ತಗಡಿನ ಮೇಲೆ ಬೇಗ ಆರುವ ಥಿನ್ನರ್ ಹಾಕಿದ ಬಣ್ಣ ಹರಡುವ ಮುನ್ನವೇ ಬಿಗಿಯುತ್ತದೆ, ಸೂಜಿಮೊನೆಯಂಥ ರಂಧ್ರಗಳು ಉಳಿಯುತ್ತವೆ. ನಿಧಾನದ ಥಿನ್ನರ್ ಸಿಗದಿದ್ದರೆ ಬಿಸಿಲೇರುವ ಮುನ್ನ, ನೆರಳಿರುವ ಪಕ್ಕದಲ್ಲಿ ಕೆಲಸ ಮಾಡಿ. ಹೆಚ್ಚು ಥಿನ್ನರ್ ಸುರಿಯುವುದು ಇದಕ್ಕೆ ಪರಿಹಾರವಲ್ಲ.

ಮಳೆಗಾಲದ್ದು ಬೇರೆಯದೇ ಸಮಸ್ಯೆ. ಥಿನ್ನರ್ ಆರುವಾಗ ಮೇಲ್ಮೈಯನ್ನು ತಂಪಾಗಿಸುತ್ತದೆ. ಬೇಗ ಆರಿದಷ್ಟೂ ತಂಪು ಹೆಚ್ಚು. ಗಾಳಿಯಲ್ಲಿ ತೇವ ತುಂಬಿರುವಾಗ ಆ ತಂಪಿಗೆ ಕಣ್ಣಿಗೆ ಕಾಣದ ಇಬ್ಬನಿ ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ಬಣ್ಣದ ಕೆಲಸದಲ್ಲಿ ಒಪ್ಪಿತವಾದ ನಿಯಮವೆಂದರೆ, ಮೇಲ್ಮೈಯ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಯಾಗಿ ಕೂರತೊಡಗುವ ಉಷ್ಣಾಂಶ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು, ಗಾಳಿಯ ತೇವಾಂಶ ಶೇ 85 ಮೀರಬಾರದು. 28 ಡಿಗ್ರಿ ಉಷ್ಣಾಂಶ, ಶೇ 85 ತೇವಾಂಶ ಇದ್ದರೆ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ತೇವಾಂಶ ಶೇ 90 ಆದರೆ ಅದು 26 ದಾಟುತ್ತದೆ. ಅಂದರೆ ಜುಲೈ ತಿಂಗಳ ಮಲ್ಪೆಯಲ್ಲಿ ಬಣ್ಣ ಬಳಿಯಲು ನಿಜವಾಗಿ ಯೋಗ್ಯವಾದ ಗಂಟೆಗಳು ತೀರ ಕಡಿಮೆ. ಮಳೆ ನಿಂತು ಬಿಸಿಲು ಬಂದು ಮೈ ಒಣಗಿದ ಮೇಲೆ, ಹತ್ತು ಗಂಟೆಯಿಂದ ಮೂರು ಗಂಟೆಯೊಳಗೆ ಮುಗಿಸಿ. ಸಾಧ್ಯವಿದ್ದರೆ ತಾರ್ಪಾಲಿನ ಚಪ್ಪರ ಹಾಕಿ. ಸಂಜೆ ಬಳಿದ ಎಪಾಕ್ಸಿ ಬೆಳಗ್ಗೆ ಮುಟ್ಟಿದಾಗ ಜಿಡ್ಡುಜಿಡ್ಡಾಗಿದ್ದರೆ ಅದು ಹಾರ್ಡನರ್ ತೇವದೊಂದಿಗೆ ಸೇರಿ ಮೇಲೆ ಬಂದ ಅಂಶ. ಅದನ್ನು ಥಿನ್ನರ್‌ನಿಂದ ಒರೆಸಿದರೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಬೆಚ್ಚನೆಯ ಸಿಹಿನೀರು ಹಾಕಿ ಉಜ್ಜಿ ತೊಳೆದು, ಒಣಗಿಸಿ, ಉಪ್ಪುಕಾಗದ ಹಾಕಿ ಮುಂದಿನ ಕೈ ಬಳಿಯಬೇಕು.

ಬೆರೆಸುವ ಕ್ರಮ

ಎರಡು ಡಬ್ಬಿಯ ಬಣ್ಣವಾದರೆ ಮೊದಲು ಬಣ್ಣವನ್ನು ಒಂಟಿಯಾಗಿ ಚೆನ್ನಾಗಿ ಕಲಕಿ. ಆಮೇಲೆ ಹಾರ್ಡನರ್ ಹಾಕಿ ಪೂರ್ತಿ ಬೆರೆಸಿ. ಥಿನ್ನರ್ ಕೊನೆಗೆ. ಮೊದಲೇ ಥಿನ್ನರ್ ಹಾಕಿದರೆ ಹಾರ್ಡನರ್ ಸಮನಾಗಿ ಬೆರೆಯದೆ ಅಲ್ಲಲ್ಲಿ ಮೆತ್ತನೆಯ ತೇಪೆಗಳು ಉಳಿಯುವುದುಂಟು. ಥಿನ್ನರನ್ನು ಅಂದಾಜಿನಲ್ಲಿ ಸುರಿಯದೆ ಅಳತೆಯ ಮಗ್ಗಿನಲ್ಲಿ ಅಳೆದು ಹಾಕಿ. ಎರಡನೆಯ ಡಬ್ಬಿಗೂ ಅಷ್ಟೇ ಹಾಕಿದರೆ ಮಾತ್ರ ಬಲಪಕ್ಕ ಎಡಪಕ್ಕ ಒಂದೇ ಹೊಳಪು ಬರುತ್ತದೆ. ಬೆರೆಸಿದ ಬಣ್ಣ ಬಳಕೆಗೆ ಯೋಗ್ಯವಾಗಿರುವ ಅವಧಿ ಉಷ್ಣಾಂಶ 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಡಬ್ಬಿ ಬೆಚ್ಚಗಾಗಿ ಬಣ್ಣ ದಪ್ಪವಾಗತೊಡಗಿದರೆ ಅದು ಗಟ್ಟಿಯಾಗುತ್ತಿದೆ ಎಂದರ್ಥ. ಆಗ ಥಿನ್ನರ್ ಹಾಕಿ ‘ಸರಿಮಾಡಿ’ ಬಳಿಯಬಾರದು. ತೆಳ್ಳಗಾದಂತೆ ಕಂಡರೂ ಅದು ಮೈಗೆ ಕಚ್ಚುವುದಿಲ್ಲ. ಸ್ವಲ್ಪಸ್ವಲ್ಪವೇ ಬೆರೆಸಿಕೊಳ್ಳಿ.

ಒರೆಸುವುದಕ್ಕೂ ಕ್ರಮವಿದೆ

ಬಣ್ಣದ ಮುಂಚೆ ಮೈಯನ್ನು ಒರೆಸುವ ದ್ರಾವಕವೂ ಥಿನ್ನರೇ, ಆದರೆ ಉಪ್ಪುಕಾಗದ ಹಾಕುವ ಮೊದಲೇ ಒರೆಸಬೇಕು. ಫೈಬರ್ ದೋಣಿಗೆ ಅಚ್ಚಿನ ಮೇಣ ಅಂಟಿರುತ್ತದೆ. ಮೊದಲೇ ಉಜ್ಜಿದರೆ ಆ ಮೇಣ ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಒಂದು ಬಟ್ಟೆಯಲ್ಲಿ ದ್ರಾವಕ ಹಚ್ಚಿ, ಅದು ಆರುವ ಮುಂಚೆ ಇನ್ನೊಂದು ಒಣಬಟ್ಟೆಯಿಂದ ಎತ್ತಿ ಒರೆಸಿ, ಬಟ್ಟೆಗಳನ್ನು ಆಗಾಗ ಬದಲಿಸಿ. ಕೊನೆಗೆ ಸಿಹಿನೀರು ಎರಚಿ ನೋಡಿ: ನೀರು ಪೂರ್ತಿ ಹಾಳೆಯಂತೆ ಹರಿದರೆ ಮೈ ಸ್ವಚ್ಛ, ಹನಿಹನಿಯಾಗಿ ಒಡೆದರೆ ಮೇಣವೋ ಎಣ್ಣೆಯೋ ಇನ್ನೂ ಇದೆ. ಹಿಂದೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಮೀನೆಣ್ಣೆಯನ್ನೋ ಕುಡಿಸಿದ ಹಳೆಯ ಮರದ ದೋಣಿಗಳಲ್ಲಿ ಈ ಪರೀಕ್ಷೆ ಗೆಲ್ಲುವುದು ಕಷ್ಟ. ಅಂಥ ದೋಣಿಗೆ ಹಳೆಯ ಪದ್ಧತಿಯ ಎಣ್ಣೆಯೇ ಲೇಸು ಎಂಬುದು ನನ್ನ ಅಭಿಪ್ರಾಯ. ಎಣ್ಣೆ ಕುಡಿದ ಮರದ ಮೇಲೆ ದುಬಾರಿ ಎಪಾಕ್ಸಿ ನಿಲ್ಲುವುದಿಲ್ಲ. ಉಪ್ಪಿನಂಶವನ್ನು ಯಾವ ಥಿನ್ನರೂ ತೆಗೆಯುವುದಿಲ್ಲ, ಅದಕ್ಕೆ ಸಿಹಿನೀರೇ ಬೇಕು.

ಬೆಂಕಿ ಮತ್ತು ಉಸಿರು

ಕ್ಸೈಲೀನ್‌ನ ಆವಿ ಸುಮಾರು 27 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಟಾಲ್ವೀನ್ 4 ಡಿಗ್ರಿಯಲ್ಲಿ, ಅಸಿಟೋನ್ ಸೊನ್ನೆಗಿಂತ ಎಷ್ಟೋ ಕೆಳಗೆ. ನಮ್ಮ ಕರಾವಳಿಯಲ್ಲಿ ಇವೆಲ್ಲ ವರ್ಷದ ಹೆಚ್ಚಿನ ದಿನ ಬೆಂಕಿಗೆ ಸಿದ್ಧವಾಗಿಯೇ ಇರುತ್ತವೆ ಎಂದಾಯಿತು. ಈ ಆವಿ ಗಾಳಿಗಿಂತ ಭಾರ, ಕೆಳಕ್ಕೆ ಇಳಿಯುತ್ತದೆ. ಬೋಟಿನ ಮೀನು ತುಂಬುವ ಕೋಣೆಯಲ್ಲೋ ಎಂಜಿನ್ ಕೋಣೆಯ ತಳದಲ್ಲೋ ಬಳಿಯುವಾಗ ಅದು ಅಲ್ಲಿಯೇ ನಿಲ್ಲುತ್ತದೆ. ಪಕ್ಕದ ಬೋಟಿನಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ಬಣ್ಣದ ಕೆಲಸ ನಿಲ್ಲಿಸಿ. ಒಳಗೆ ಬಳಿಯುವವನನ್ನು ಒಬ್ಬನೇ ಬಿಡಬೇಡಿ. ಹೊರಗಿನ ಗಾಳಿಯನ್ನು ತಳದವರೆಗೆ ತಳ್ಳುವ ಬ್ಲೋವರ್ ಇರಲಿ, ಮೇಲೆ ಹೆಸರು ಕೂಗಿ ಉತ್ತರ ಕೇಳುವ ಇನ್ನೊಬ್ಬ ಇರಲಿ. ತಲೆ ಸುತ್ತಿತು ಎಂದರೆ ತಕ್ಷಣ ಹೊರಗೆ.

ಮುಖಕ್ಕೆ ಕಟ್ಟಿದ ಬೈರಾಸು, ಬಟ್ಟೆಯ ಮಾಸ್ಕ್ ಧೂಳನ್ನು ತಡೆಯಬಹುದು, ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಪಾಲಿಯುರಿಥೇನ್ ಸ್ಪ್ರೇ ಮಾಡುವವರಿಗೆ ಅದೂ ಸಾಲದು, ಹೊರಗಿನಿಂದ ಗಾಳಿ ಪೂರೈಸುವ ಮುಖವಾಡ ಬೇಕು. ಐಸೊಸಯನೇಟ್ ಒಮ್ಮೆ ಉಸಿರಿಗೆ ಒಗ್ಗದಂತಾದರೆ ಆ ದಮ್ಮು ಜೀವನಪರ್ಯಂತ ಉಳಿಯಬಹುದು. ಅಷ್ಟು ವ್ಯವಸ್ಥೆ ಇಲ್ಲದ ಕಡೆ ಬ್ರಷ್ಷಿನಲ್ಲೇ ಬಳಿಯಿರಿ. ಕೈಗೆ ಹತ್ತಿದ ಬಣ್ಣವನ್ನು ಥಿನ್ನರ್‌ನಲ್ಲಿ ತೊಳೆಯುವ ಅಭ್ಯಾಸ ಬಿಡಿಸಬೇಕು, ಅದು ಚರ್ಮದ ಎಣ್ಣೆಯನ್ನೆಲ್ಲ ತೆಗೆದು ಒಳಗಿಳಿಯುತ್ತದೆ. ಕೆಲಸಕ್ಕೆ ಮುಂಚೆ ಕೈಗವಸು ಹಾಕಿ. ಹತ್ತಿದರೆ ತೆಂಗಿನೆಣ್ಣೆ ಹಚ್ಚಿ ಉಜ್ಜಿ ಸಾಬೂನಿನಲ್ಲಿ ತೊಳೆಯಿರಿ.

ಎನಾಮೆಲ್ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ, ಒಣಗುವಾಗ ತಾವಾಗಿ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ನೀರಿನಲ್ಲಿ ಅದ್ದಿ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಬ್ರಷ್ ತೊಳೆದ ಥಿನ್ನರನ್ನು ಧಕ್ಕೆಯಿಂದ ನೀರಿಗೆ ಚೆಲ್ಲಬೇಡಿ, ಅದೇ ನೀರಿನಲ್ಲಿ ಮೀನುಮರಿ ಬೆಳೆಯುತ್ತದೆ. ಒಂದು ಡಬ್ಬಿಯಲ್ಲಿ ಮುಚ್ಚಿಟ್ಟರೆ ಎರಡು ಮೂರು ದಿನದಲ್ಲಿ ಬಣ್ಣ ತಳಕ್ಕೆ ಕೂತು ಮೇಲೆ ತಿಳಿ ಬರುತ್ತದೆ. ಅದನ್ನು ಬಸಿದು ಬೇರೆ ಕ್ಯಾನಿಗೆ ತುಂಬಿ, ‘ಬ್ರಷ್ ತೊಳೆಯಲು ಮಾತ್ರ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಹೊಸ ಥಿನ್ನರ್ ಕ್ಯಾನುಗಳಿಂದ ದೂರ ಇಡಿ.